ತನ್ನರಿವು ದೊಡ್ಡದೋ, ಓದು ದೊಡ್ಡದೋ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಆತ್ಮಜ್ಞಾನದ ಬಗ್ಗೆ ಉಪನ್ಯಾಸ ಮುಗಿದು ಮೈಕು ಆರಿಸಿದ ಮೇಲೆಯೇ ನಿಜವಾದ ಪ್ರಶ್ನೆಗಳು ಹೊರಬರುವುದು: ಬಾಗಿಲಲ್ಲಿ ಚಪ್ಪಲಿ ಹುಡುಕುವಾಗ, ಕಾಫಿ ಲೋಟ ಕೈಗೆ ಬಂದಾಗ. ಮಂಡ್ಯ, ಪಾಂಡವಪುರ, ಮದ್ದೂರು ಕಡೆಯವರು ಪತ್ರ ಬರೆದು ಕೇಳುತ್ತಾರೆ. ಹೀಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇವೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಎಲ್ಲಿಂದ ಓದಲು ಶುರು ಮಾಡಿದರೂ ಅಡ್ಡಿಯಿಲ್ಲ.

## ಮೊದಲ ಮೆಟ್ಟಿಲು

“ಆತ್ಮಜ್ಞಾನ ಅಂದ್ರೆ ನಮ್ ಗುಣ-ದೋಷ ತಿಳ್ಕೊಳೋದಾ? ಇಲ್ಲಾ ವೇದಾಂತದೋರು ಹೇಳೋ ಆತ್ಮಾನಾ?”

ಆ ಮಾತಿಗೆ ಎರಡು ಅರ್ಥವೂ ಉಂಟು. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ.

ನಾನು ಯಾವಾಗ ರೇಗುತ್ತೇನೆ, ಯಾವುದಕ್ಕೆ ಸುಳ್ಳು ಹೇಳುತ್ತೇನೆ, ಯಾರೆದುರು ನನ್ನ ದನಿ ಏರುತ್ತದೆ, ಯಾರೆದುರು ಇಳಿಯುತ್ತದೆ, ನನಗೆ ಗೊತ್ತು ಎಂದುಕೊಂಡಿರುವುದರಲ್ಲಿ ನಿಜವಾಗಿ ಗೊತ್ತಿರುವುದು ಎಷ್ಟು? ಇದನ್ನೆಲ್ಲ ಅರಿಯುವುದು ಒಂದು. ಇಲ್ಲಿ ಇದನ್ನು ‘ತನ್ನರಿವು’ ಎನ್ನುತ್ತೇವೆ. ಇದೆಲ್ಲ ಯಾರಿಗೆ ಆಗುತ್ತಿದೆಯೋ ಆ ‘ನಾನು’ ಎಂಬುದು ಏನು ಎಂದು ಹುಡುಕುವುದು ಇನ್ನೊಂದು. ಉಪನಿಷತ್ತುಗಳು ಆತ್ಮವಿದ್ಯೆ ಎನ್ನುವುದು ಅದನ್ನು.

ಎರಡನೆಯದರ ಮಾತನ್ನು ಮೊದಲನೆಯದರಿಂದ ತಪ್ಪಿಸಿಕೊಳ್ಳಲು ಬಳಸುವವರು ಬಹಳ. ಮನೆಯಲ್ಲಿ ಕೂಗಾಡಿ, ‘ಕೋಪ ಮನಸ್ಸಿನದು, ನಾನು ಬರೀ ಸಾಕ್ಷಿ’ ಎಂದರೆ ಅದು ವೇದಾಂತವಲ್ಲ, ಜಾಣತನ. ಅದಕ್ಕೇ ಈ ಪುಟದಲ್ಲಿ ತನ್ನರಿವಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

“ಹಂಗಾದ್ರೆ ಇಷ್ಟು ವರ್ಷ ಓದಿದ್ದು ದಂಡಾನಾ ಸಾರ್?”

ಅಲ್ಲ. ಮುಂಡಕೋಪನಿಷತ್ತಿನಲ್ಲಿ ಶೌನಕ ಅಂಗಿರಸನ ಹತ್ತಿರ ಹೋಗಿ, ಯಾವುದನ್ನು ತಿಳಿದರೆ ಇದೆಲ್ಲವೂ ತಿಳಿದಂತಾಗುತ್ತದೆ ಎಂದು ಕೇಳುತ್ತಾನೆ. ವಿದ್ಯೆ ಎರಡು, ಪರಾ (ಮೇಲಿನದು) ಮತ್ತು ಅಪರಾ (ಕೆಳಗಿನದು) ಎಂದು ಉತ್ತರ ಬರುತ್ತದೆ. ಅಪರಾ ವಿದ್ಯೆಯ ಪಟ್ಟಿಯಲ್ಲಿ ಮೊದಲು ಬರುವುದೇ ನಾಲ್ಕು ವೇದಗಳು. ಆಮೇಲೆ ವೇದದ ಆರು ಅಂಗಗಳಾದ ಶಿಕ್ಷಾ, ಕಲ್ಪ, ವ್ಯಾಕರಣ, ನಿರುಕ್ತ, ಛಂದಸ್ಸು, ಜ್ಯೋತಿಷ. ವೇದದ ಭಾಗವೇ ಆದ ಗ್ರಂಥ ವೇದವನ್ನೇ ಕೆಳಗಿನ ಸಾಲಿನಲ್ಲಿ ಕೂರಿಸಿತು ನೋಡಿ ಎಂದು ಭಾಷಣಗಳಲ್ಲಿ ಇದನ್ನು ಎತ್ತಿ ಹೇಳುತ್ತಾರೆ. ಆದರೆ ಅದೇ ವಾಕ್ಯದ ಮೊದಲ ಮಾತನ್ನು ನುಂಗಿಬಿಡುತ್ತಾರೆ: ‘ದ್ವೇ ವಿದ್ಯೇ ವೇದಿತವ್ಯೇ’. ತಿಳಿಯಬೇಕಾದ ವಿದ್ಯೆ ಎರಡು ಎಂದಿದೆಯೇ ಹೊರತು ಒಂದನ್ನು ಬಿಡಿ ಎಂದಿಲ್ಲ.

1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾನಿಲಯದ ಲಾಂಛನದಲ್ಲಿ ‘ನ ಹಿ ಜ್ಞಾನೇನ ಸದೃಶಂ’, ಜ್ಞಾನಕ್ಕೆ ಸಮನಾದದ್ದು ಇಲ್ಲ, ಎಂದಿದೆ. ಪದವಿ ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರಿಗೆಲ್ಲ ಈ ಮಾತು ಗೊತ್ತು. ಇದು ಗೀತೆಯ ನಾಲ್ಕನೇ ಅಧ್ಯಾಯದ 38ನೇ ಶ್ಲೋಕದ ಮೊದಲ ತುಂಡು. ಲಾಂಛನದಲ್ಲಿ ಜಾಗ ಸಾಲದ್ದರಿಂದಲೋ ಏನೋ, ಉಳಿದರ್ಧ ಅಲ್ಲಿಲ್ಲ: ‘ತತ್ ಸ್ವಯಂ ಯೋಗಸಂಸಿದ್ಧಃ ಕಾಲೇನಾತ್ಮನಿ ವಿಂದತಿ’. ಆ ಜ್ಞಾನವನ್ನು ಸಾಧಕ ತಾನೇ, ಕಾಲ ಕೂಡಿ ಬಂದಾಗ, ತನ್ನಲ್ಲೇ ಕಂಡುಕೊಳ್ಳುತ್ತಾನೆ ಎಂದು ಅದರರ್ಥ. ಘಟಿಕೋತ್ಸವದಲ್ಲಿ ಕೊಡಲಾಗದ್ದು ಆ ಉಳಿದರ್ಧ.

ನಮ್ಮ ಕಡೆಯ ಗಾದೆ ಲೆಕ್ಕವನ್ನೇ ಕೊಟ್ಟಿದೆ: ಓದು ಒಕ್ಕಾಲು, ಬುದ್ಧಿ ಮುಕ್ಕಾಲು. ಒಕ್ಕಾಲು ಎಂದರೆ ಸೊನ್ನೆಯಲ್ಲ.

“ನಾರದರಿಗೇ ಗೊತ್ತಿರ್ಲಿಲ್ಲ ಅಂತಾರಲ್ಲ, ಅದೇನು ಕಥೆ?”

ಛಾಂದೋಗ್ಯೋಪನಿಷತ್ತಿನ ಏಳನೇ ಅಧ್ಯಾಯ. ನಾರದ ಸನತ್ಕುಮಾರನ ಬಳಿ ಬಂದು ಕಲಿಸಿ ಎನ್ನುತ್ತಾನೆ. ನಿನಗೇನು ಗೊತ್ತೋ ಅದನ್ನು ಮೊದಲು ಹೇಳು, ಅದರಾಚೆಯದನ್ನು ನಾನು ಹೇಳುತ್ತೇನೆ ಎನ್ನುತ್ತಾನೆ ಸನತ್ಕುಮಾರ. ಪಾಠ ಮಾಡುವವರೆಲ್ಲ ಕಲಿಯಬೇಕಾದ ಕ್ರಮ ಇದು. ನಾರದ ಪಟ್ಟಿ ಕೊಡುತ್ತಾನೆ: ನಾಲ್ಕು ವೇದ, ಐದನೆಯದಾಗಿ ಇತಿಹಾಸ ಪುರಾಣ, ವ್ಯಾಕರಣ, ಗಣಿತ, ನಿಧಿಶಾಸ್ತ್ರ, ತರ್ಕ, ಕ್ಷತ್ರವಿದ್ಯೆ, ನಕ್ಷತ್ರವಿದ್ಯೆ, ಸರ್ಪವಿದ್ಯೆ, ಹೀಗೆ ಸಾಗುತ್ತದೆ. ಆಮೇಲೆ, ‘ನಾನು ಮಂತ್ರ ಬಲ್ಲವನು ಅಷ್ಟೇ, ಆತ್ಮವನ್ನು ಬಲ್ಲವನಲ್ಲ. ಆತ್ಮವನ್ನರಿತವನು ಶೋಕವನ್ನು ದಾಟುತ್ತಾನೆ ಎಂದು ಕೇಳಿದ್ದೇನೆ, ನಾನು ಶೋಕಿಸುತ್ತಿದ್ದೇನೆ’ ಎನ್ನುತ್ತಾನೆ. ನೀನು ಕಲಿತದ್ದೆಲ್ಲ ‘ನಾಮ’, ಬರೀ ಹೆಸರು ಎಂದು ಸನತ್ಕುಮಾರನ ಉತ್ತರ.

ಇಲ್ಲಿಗೆ ಕಥೆ ಮುಗಿಸುವುದು ರೂಢಿ. ಆದರೆ ಮುಂದೆ ನಾಮದಿಂದ ಪ್ರಾಣದವರೆಗೆ ಒಂದಕ್ಕಿಂತ ಒಂದು ಹೆಚ್ಚಿನದಾದ 15 ಮೆಟ್ಟಿಲುಗಳಿವೆ. ಅದರಲ್ಲಿ ವಿಜ್ಞಾನಕ್ಕಿಂತ, ಅಂದರೆ ತಿಳಿವಳಿಕೆಗಿಂತ, ಬಲ ಹೆಚ್ಚು, ಒಬ್ಬ ಬಲಶಾಲಿ ನೂರು ಜನ ವಿದ್ವಾಂಸರನ್ನು ನಡುಗಿಸುತ್ತಾನೆ ಎಂಬ ಮಾತಿದೆ. ಬಲಕ್ಕಿಂತ ಅನ್ನ ಹೆಚ್ಚು. ವಿದ್ವತ್ತನ್ನು ಮೊದಲು ಕೂರಿಸಿದ್ದು ಧ್ಯಾನದ ಎದುರಲ್ಲ, ಮುದ್ದೆಯ ಎದುರು. ಆ ವಿನಯವಿಲ್ಲದೆ ಮೇಲಿನ ಮೆಟ್ಟಿಲ ಮಾತು ಬರುವುದೇ ಇಲ್ಲ.

ನಾರದನ ದೊಡ್ಡತನ ಪಟ್ಟಿಯಲ್ಲಿಲ್ಲ. ಅಷ್ಟು ಓದಿದ ಮೇಲೂ ‘ದುಃಖ ಹೋಗಿಲ್ಲ’ ಎಂದು ಬಾಯಿಬಿಟ್ಟು ಹೇಳಿದನಲ್ಲ, ಅಲ್ಲಿದೆ.

“ನಮ್ಮಜ್ಜಿ ಒಂದಕ್ಷರ ಓದಿರ್ಲಿಲ್ಲ. ಆದ್ರೂ ಊರೋರೆಲ್ಲ ಬುದ್ಧಿ ಕೇಳೋಕೆ ಬರೋರು. ಅದು ಆತ್ಮಜ್ಞಾನ ಅಲ್ವಾ?”

ಇರಬಹುದು. ಆದರೆ ಓದದೇ ಇದ್ದದ್ದು ಅದಕ್ಕೆ ಕಾರಣವಲ್ಲ. ಓದದವರಲ್ಲೂ ಮೊಂಡರಿದ್ದಾರೆ, ಓದಿದವರಲ್ಲೂ ತಿಳಿದವರಿದ್ದಾರೆ. ಇಂಥ ಅಜ್ಜಿಯರಲ್ಲಿ ಸಾಮಾನ್ಯವಾಗಿ ಕಾಣುವುದು ಬೇರೆಯೇ ಗುಣ: ‘ಅದು ನಂಗೊತ್ತಿಲ್ಲ ಕಣ್ ಮಗಾ’ ಎಂದು ಸಲೀಸಾಗಿ ಹೇಳುತ್ತಾರೆ. ತಮ್ಮ ಮಾತಿನ ಫಲ ಕಣ್ಣೆದುರೇ ಕಂಡಿದ್ದಾರೆ, ತಪ್ಪಿದ್ದನ್ನು ನೆನಪಿಟ್ಟಿದ್ದಾರೆ. 12ನೇ ಶತಮಾನದ ಶರಣರಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಮಡಿ ಮಾಡುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ ಇದ್ದರು. ಅವರು ಶಾಸ್ತ್ರದ ಅಧಿಕಾರವನ್ನು ಒಪ್ಪಲಿಲ್ಲ, ನಿಜ. ಆದರೆ ವಾದ ಮಾಡಿದರು, ವಚನ ಕಟ್ಟಿದರು, ತಪ್ಪಿದವರನ್ನು ಹೆಸರು ಹಿಡಿದು ಕೇಳಿದರು. ಅರಿವು ಎಂದರೆ ಬಾಯಿ ಮುಚ್ಚಿ ಮುಗುಳ್ನಗುವುದು ಎಂದು ಅವರು ತಿಳಿದಂತಿಲ್ಲ.

“ನನ್ನ ಬಗ್ಗೆ ನನಗೇ ಗೊತ್ತಿಲ್ವಾ? ಇಷ್ಟು ವರ್ಷದಿಂದ ಜೊತೇಲೇ ಇದೀನಲ್ಲ!”

ಗೊತ್ತಿರುವುದಕ್ಕಿಂತ ಕಟ್ಟಿಕೊಂಡದ್ದು ಹೆಚ್ಚು. 1977ರಲ್ಲಿ ನಿಸ್ಬೆಟ್ ಮತ್ತು ವಿಲ್ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಮೇಜಿನ ಮೇಲೆ 4 ಜೊತೆ ನೈಲಾನ್ ಕಾಲುಚೀಲ ಇಟ್ಟು, ಯಾವುದು ಚೆನ್ನಾಗಿದೆ ಎಂದು ಬಂದವರನ್ನು ಕೇಳಿದರು. ನಾಲ್ಕೂ ಒಂದೇ ಮಾಲು. ಆದರೂ ತೀರಾ ಎಡಗಡೆಯದಕ್ಕಿಂತ ತೀರಾ ಬಲಗಡೆಯದನ್ನು ಆರಿಸಿದವರು ಸುಮಾರು ನಾಲ್ಕರಷ್ಟು. ಯಾಕೆ ಎಂದರೆ ನೇಯ್ಗೆ, ನಯ ಅಂತ ಕಾರಣ ಕೊಟ್ಟರು. ಬಲಗಡೆ ಇತ್ತು ಎಂದು ಒಬ್ಬರೂ ಹೇಳಲಿಲ್ಲ. ದೇವರಾಜ ಅರಸು ರಸ್ತೆಯ ಅಂಗಡಿಯಲ್ಲಿ 40 ಸೀರೆ ಬಿಚ್ಚಿಸಿ ಒಂದನ್ನು ಆರಿಸಿದವರು ಹೇಳುವ ಕಾರಣವೂ ಹೀಗೇ ಇರಬಹುದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಸೈಕಲ್ ಹೇಗೆ ಕೆಲಸ ಮಾಡುತ್ತದೆಂದು ನಿಮಗೆ ಎಷ್ಟು ಗೊತ್ತು? 7ಕ್ಕೆ ಎಷ್ಟು ಅಂಕ ಕೊಟ್ಟುಕೊಳ್ಳುತ್ತೀರಿ, ಬರೆದಿಡಿ. ಈಗ ನೋಡದೆ ಚಿತ್ರ ಬರೆಯಿರಿ: ಚೌಕಟ್ಟು, ಪೆಡಲ್, ಚೈನು. ಚೈನು ಯಾವ ಚಕ್ರಕ್ಕೆ ಹೋಗುತ್ತದೆ, ಪೆಡಲ್ ಎಲ್ಲಿ ಕೂತಿದೆ? ಬೀದಿಗಿಳಿದು ನಿಜವಾದ ಸೈಕಲ್ಲಿನ ಪಕ್ಕ ಹಿಡಿದು ನೋಡಿ, ಮತ್ತೆ ಅಂಕ ಕೊಟ್ಟುಕೊಳ್ಳಿ. ರೊಜೆನ್‌ಬ್ಲಿಟ್ ಮತ್ತು ಕೀಲ್ ಎಂಬ ಮನಶ್ಶಾಸ್ತ್ರಜ್ಞರು 2002ರಲ್ಲಿ ಜಿಪ್ಪು, ಹೊಲಿಗೆ ಯಂತ್ರದಂಥ ವಸ್ತುಗಳನ್ನಿಟ್ಟು ತೋರಿಸಿದ್ದು ಇದನ್ನೇ: ವಿವರಿಸಲು ಕೂತ ಮೇಲೆ ಜನ ತಮಗೆ ತಾವು ಕೊಟ್ಟುಕೊಂಡ ಅಂಕ ಇಳಿಯಿತು. ಸೈಕಲ್ಲಿನ ಬದಲು ‘ನಾನು ತಾಳ್ಮೆಯವನು’ ಎಂಬ ಮಾತನ್ನಿಟ್ಟರೂ ಲೆಕ್ಕ ಬದಲಾಗುವುದಿಲ್ಲ. ಆದರೆ ಪಕ್ಕದಲ್ಲಿ ಹಿಡಿದು ನೋಡಲು ಅಲ್ಲಿ ಸೈಕಲ್ ಇಲ್ಲ. ಅದಕ್ಕೇ ಬರೆದಿಡಬೇಕು.

## ಕೈಗೆ ಹಿಡಿಯುವ ಕೆಲಸ

“ಸಿದ್ಧಾಂತ ಸಾಕು. ದಿನಾ ಎಷ್ಟು ಹೊತ್ತು, ಹೇಗೆ ಮಾಡ್ಬೇಕು ಅಂತ ಹೇಳಿ.”

200 ಪುಟದ ಗೆರೆ ಹಾಕಿದ ನೋಟ್‌ಬುಕ್ ಒಂದು, ಪೆನ್ನು ಒಂದು. ಫೋನಿನಲ್ಲಿ ಬೇಡ, ಅಲ್ಲಿ ಅಳಿಸುವುದು ಸುಲಭ, ಅಳಿಸಿದ್ದು ಕಾಣುವುದೂ ಇಲ್ಲ. ಬೆಳಗ್ಗೆ 4 ನಿಮಿಷ, ರಾತ್ರಿ 8 ನಿಮಿಷ ಸಾಕು.

ಬೆಳಗ್ಗೆ ಎಡಪುಟದಲ್ಲಿ, ಆ ದಿನ ನೀವು ಹೇಗೆ ನಡೆದುಕೊಳ್ಳುತ್ತೀರಿ ಎಂಬ ಬಗ್ಗೆ ಮೂರು ಊಹೆ ಬರೆಯಿರಿ. ಲೋಕದ ಬಗ್ಗೆ ಅಲ್ಲ, ನಿಮ್ಮ ಬಗ್ಗೆ. ರಾತ್ರಿ ಹೌದು-ಇಲ್ಲ ಎಂದು ತೀರ್ಮಾನಿಸುವಂತಿರಬೇಕು. ‘ಶಾಂತವಾಗಿರುತ್ತೇನೆ’ ಎಂಬುದು ಊಹೆಯಲ್ಲ, ಆಸೆ. ‘ಮಗನ ಹೋಂವರ್ಕ್ ನೋಡುವಾಗ ದನಿ ಏರಿಸುವುದಿಲ್ಲ’ ಎಂಬುದು ಊಹೆ. ಪಕ್ಕದಲ್ಲಿ ನಿಮ್ಮ ನಂಬಿಕೆ ನೂರಕ್ಕೆ ಎಷ್ಟು ಎಂದು ಹಾಕಿ: 60, 80, 90.

ರಾತ್ರಿ ಬಲಪುಟದಲ್ಲಿ ನಡೆದದ್ದನ್ನು ಬರೆಯಿರಿ: ಎಷ್ಟು ಹೊತ್ತಿಗೆ, ಎಲ್ಲಿ, ಯಾರು ಏನೆಂದರು, ನೀವು ಏನೆಂದಿರಿ, ಆಗ ಮೈಯಲ್ಲಿ ಎಲ್ಲಿ ಏನಾಯಿತು. ಮೈಯ ಸುದ್ದಿ ಬಿಡಬೇಡಿ. ದವಡೆ ಬಿಗಿದದ್ದು, ಕಿವಿ ಬಿಸಿಯಾದದ್ದು ಮಾತಿಗಿಂತ ಮೊದಲೇ ನಿಜ ಹೇಳಿರುತ್ತದೆ. ತೀರ್ಪು ಬರೆಯಬೇಡಿ.

ಭಾನುವಾರ 20 ನಿಮಿಷ ವಾರದ ಪುಟಗಳನ್ನು ಓದಿ, ಮತ್ತೆ ಮತ್ತೆ ಬಂದ ಗಂಟೆ, ಜಾಗ, ಮುಖಗಳಿಗೆ ಗೀಟು ಹಾಕಿ. ಆರು ವಾರ ಕಳೆದ ಮೇಲೆ ಲೆಕ್ಕ. ನೀವು 80 ಎಂದು ಹಾಕಿದ ಊಹೆಗಳು 20 ಇದ್ದರೆ ಅದರಲ್ಲಿ ಸುಮಾರು 16 ನಿಜವಾಗಿರಬೇಕು. 11 ನಿಜವಾಗಿದ್ದರೆ ನಿಮ್ಮನ್ನು ನೀವು ಎಷ್ಟು ಮೇಲೆ ಕೂರಿಸಿಕೊಂಡಿದ್ದೀರಿ ಎಂಬುದು ಅಂಕಿಯಲ್ಲೇ ಬಂತು. 20ಕ್ಕೆ 20 ನಿಜವಾದರೂ ಸಂತೋಷ ಪಡಬೇಡಿ. ಸುಲಭದ ಊಹೆಗಳನ್ನೇ ಆರಿಸಿಕೊಂಡಿದ್ದೀರಿ.

ಇದು ಕೆಡುವುದು ಮೂರು ಕಡೆ. ಮೊದಲನೆಯದು, ಘಟನೆಯ ಬದಲು ಶಾಪ: ‘ಇವತ್ತೂ ರೇಗಿದೆ, ನಾನು ಉದ್ಧಾರ ಆಗಲ್ಲ.’ ಇದರಲ್ಲಿ ತಿಳಿಯಲು ಏನೂ ಇಲ್ಲ. ತನ್ನನ್ನು ಬೈದುಕೊಂಡು ಕೈ ತೊಳೆದುಕೊಳ್ಳುವ ಉಪಾಯ. ಎರಡನೆಯದು, ಪುಟ ತುಂಬ ಬೇರೆಯವರೇ ಇರುವುದು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣ ಎಣಿಸುವುದು ಇಲ್ಲಿ ಅಕ್ಷರಶಃ ಕಾಣುತ್ತದೆ: ವಾಕ್ಯಗಳ ಕರ್ತೃಪದ ಎಣಿಸಿ, ‘ನಾನು’ ಅರ್ಧಕ್ಕಿಂತ ಕಡಿಮೆಯಿದ್ದರೆ ಬರೆದದ್ದು ದೂರು. ಮೂರನೆಯದು ಓದಿದವರ ರೋಗ, ಚೆನ್ನಾಗಿ ಬರೆಯುವುದು. ಉಪಮೆ ಬಂತೆಂದರೆ ಯಾರೋ ಓದುತ್ತಾರೆ ಎಂಬ ಆಸೆ ಹುಟ್ಟಿತೆಂದು ತಿಳಿಯಿರಿ.

“ಎರಡು ವಾರದಿಂದ ಬರೀತಿದೀನಿ. ಬರೀ ಸಿಟ್ಟೇ ಬರ್ತಿದೆ, ಬೇರೇನೂ ಕಾಣಿಸ್ತಿಲ್ಲ.”

ಸರಿಯಾಗಿಯೇ ಮಾಡುತ್ತಿದ್ದೀರಿ. ಸಿಟ್ಟು ಸದ್ದು ಮಾಡುತ್ತದೆ, ಅದಕ್ಕೇ ಮೊದಲು ಕಾಣುತ್ತದೆ. ಹೊಟ್ಟೆಕಿಚ್ಚು, ಹೊಗಳಿಕೆಯ ಆಸೆ, ಸೋಮಾರಿತನ ಇವೆಲ್ಲ ಮೂರನೇ ನಾಲ್ಕನೇ ವಾರಕ್ಕೆ ಹೊರಬರುತ್ತವೆ. ಬೇಗ ಕಾಣಬೇಕಾದರೆ ಮೂರು ಊಹೆಗಳಲ್ಲಿ ಒಂದನ್ನು ಹೊಗಳಿಕೆಗೆ ಮೀಸಲಿಡಿ: ‘ಇವತ್ತು ನಾನು ಮಾಡಿದ ಕೆಲಸವನ್ನು ಯಾರೂ ಕೇಳದೆ ನಾನಾಗಿ ಹೇಳಿಕೊಳ್ಳುವುದಿಲ್ಲ.’ ಬಹಳ ಜನ ಸಂಜೆಗೆ ಮೊದಲೇ ಸೋಲುತ್ತಾರೆ.

“ಇಷ್ಟೆಲ್ಲ ಯಾಕೆ? ಹೆಂಡ್ತೀನ ಕೇಳಿದ್ರೆ ಐದು ನಿಮಿಷದಲ್ಲಿ ಹೇಳ್ತಾಳೆ!”

ಹೇಳುತ್ತಾರೆ, ಮತ್ತು ಬಹುಪಾಲು ಸರಿಯಾಗಿಯೇ ಹೇಳುತ್ತಾರೆ. ಆದರೆ ಎಲ್ಲದರಲ್ಲೂ ಅಲ್ಲ. ಒಳಗಿನ ಆತಂಕ, ಅಳುಕಿನಂಥ ವಿಷಯದಲ್ಲಿ ನಮ್ಮ ಮಾತು ಹೆಚ್ಚು ಸರಿ. ನಾವೆಷ್ಟು ಜಾಣರು ಎಂಬಂಥ, ಮಾನ-ಮರ್ಯಾದೆ ಅಂಟಿಕೊಂಡ ವಿಷಯದಲ್ಲಿ ಹತ್ತಿರದವರ ಮಾತು ಹೆಚ್ಚು ಸರಿ ಎಂದು 2010ರ ಒಂದು ಅಧ್ಯಯನ ತೋರಿಸಿತು. ಎಲ್ಲಿ ನಮ್ಮ ಮರ್ಯಾದೆಯ ಪ್ರಶ್ನೆಯೋ ಅಲ್ಲಿ ನಮ್ಮ ಕನ್ನಡಿಯೇ ಓರೆ.

ಕೇಳುವ ರೀತಿ ಮುಖ್ಯ. ‘ನಾನು ಹೇಗೆ?’ ಎಂದರೆ ಜಗಳ, ಇಲ್ಲವೇ ಹೊಗಳಿಕೆ. ‘ಈ ತಿಂಗಳಲ್ಲಿ ನಾನು ಯಾವಾಗ ನಿನ್ನ ಮಾತು ಮುಗಿಯೋಕೆ ಬಿಡಲಿಲ್ಲ? ಒಂದು ಸಲದ್ದು ಹೇಳು’ ಎಂದು ಕೇಳಿ. ಹೇಳಿದ್ದನ್ನು ಅವರೆದುರೇ ಅವರ ಮಾತಿನಲ್ಲೇ ಬರೆದುಕೊಳ್ಳಿ. ಒಂದು ಹಗಲು ಒಂದು ರಾತ್ರಿ ಸಮಜಾಯಿಷಿ ಕೊಡಬೇಡಿ. ‘ಅದು ಹಾಗಲ್ಲ, ಅವತ್ತು ಏನಾಯ್ತು ಅಂದ್ರೆ’ ಎಂದು ಬಾಯಿ ತೆರೆದರೆ ಮುಂದಿನ ಸಲ ನಿಜ ಸಿಗುವುದಿಲ್ಲ. ನಿಮ್ಮ ಕೈಕೆಳಗೆ ಕೆಲಸ ಮಾಡುವವರನ್ನು ಮಾತ್ರ ಹೀಗೆ ಕೇಳಬೇಡಿ. ಅವರು ಸಂಬಳಕ್ಕೆ ತಕ್ಕ ಉತ್ತರ ಕೊಡುತ್ತಾರೆ.

“ಸೆಕೆಂಡ್ ಪಿಯುಸಿ ಓದ್ತಿದೀನಿ. ಓದುವಾಗ ಎಲ್ಲಾ ಗೊತ್ತಿರುತ್ತೆ, ಪರೀಕ್ಷೇಲಿ ಕೈ ಕೊಡುತ್ತೆ. ತನ್ನರಿವಿಂದ ನಂಗೇನಾದ್ರೂ ಉಪಯೋಗ ಇದ್ಯಾ?”

ನಿಮಗೇ ಎಲ್ಲರಿಗಿಂತ ಹೆಚ್ಚು. ನಾಲ್ಕು ಸಲ ಓದಿದ ಪುಟ ಪರಿಚಿತ ಮುಖದಂತೆ ಕಾಣುತ್ತದೆ, ಪರಿಚಯವನ್ನೇ ತಿಳಿವಳಿಕೆ ಎಂದು ಎಣಿಸುತ್ತೇವೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಒಂದು ಗುಂಪು ಪಾಠವನ್ನು ಓದುತ್ತಲೇ ಹೋಯಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಮೂರು ಅವಧಿ ಪುಸ್ತಕ ನೋಡದೆ ನೆನಪಿನಿಂದ ಬರೆಯಿತು. ಒಂದು ವಾರದ ನಂತರ ಓದುತ್ತಲೇ ಹೋದವರಿಗೆ ನೆನಪಿದ್ದದ್ದು ನೂರಕ್ಕೆ 40, ಬರೆದು ನೋಡಿಕೊಂಡವರಿಗೆ 61. ತಮಾಷೆಯೆಂದರೆ, ಚೆನ್ನಾಗಿ ನೆನಪಿರುತ್ತದೆಂದು ಹೆಚ್ಚು ಧೈರ್ಯದಿಂದ ಹೇಳಿದ್ದು ಮೊದಲ ಗುಂಪು.

ಒಂದು ಅಧ್ಯಾಯ ಓದಿ, ಪುಸ್ತಕ ಮುಚ್ಚಿ. ಖಾಲಿ ಹಾಳೆಯ ಮೂಲೆಯಲ್ಲಿ ‘20ಕ್ಕೆ ಎಷ್ಟು ಬರುತ್ತದೆ’ ಎಂದು ಊಹಿಸಿ ಬರೆಯಿರಿ. 10 ನಿಮಿಷ ನೆನಪಿದ್ದಷ್ಟು ಬರೆದು, ಕೆಂಪು ಪೆನ್ನಿನಲ್ಲಿ ನೀವೇ ತಿದ್ದಿ ಅಂಕ ಹಾಕಿ. ಮಾರನೆಯ ದಿನ, ಮೂರನೆಯ ದಿನ, ಏಳನೆಯ ದಿನ ಮತ್ತೆ ಮಾಡಿ. ಊಹೆಗೂ ಅಂಕಕ್ಕೂ ಇರುವ ವ್ಯತ್ಯಾಸ 2ಕ್ಕೆ ಇಳಿದ ವಿಷಯ ನಿಮಗೆ ಬಂದಿದೆ. 7, 8 ಉಳಿದದ್ದನ್ನು ಮತ್ತೆ ಓದಬೇಕು, ಇಷ್ಟವಾದದ್ದನ್ನಲ್ಲ.

“ನಾವು ಬೇಸಾಯದೋರು. ಇದೆಲ್ಲಾ ಓದಿದೋರ ಬಾಬ್ತು ಅಲ್ವಾ?”

ಕನ್ನಂಬಾಡಿ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಮಳೆಗಾಲದಲ್ಲಿ ಮಂಡ್ಯದವರು ಬೆಳಗ್ಗೆ ಎದ್ದು ಮೊದಲು ನೋಡುವುದು ಇವತ್ತು ಎಷ್ಟು ಅಡಿ ಎಂದು. ಅಷ್ಟೇ ನಿಗಾ ಇಟ್ಟು ನಮ್ಮ ಅಂದಾಜು ಎಷ್ಟು ತಪ್ಪುತ್ತದೆ ಎಂದು ನೋಡುವವರು ಕಡಿಮೆ. ತನ್ನರಿವು ಅಲ್ಲೇ ಇದೆ.

ಕಬ್ಬು ನಾಟಿಗೆ ಮೊದಲು ಈ ಬೆಳೆಗೆ ಎಷ್ಟು ಖರ್ಚಾಗುತ್ತದೆಂದು ಬಾಬ್ತುವಾರು ಬರೆದಿಡಿ: ಬಿತ್ತನೆ, ಗೊಬ್ಬರ, ಕಳೆ ಕೂಲಿ, ಕಟಾವು, ಸಾಗಣೆ. ಕಟಾವಾದ ಮೇಲೆ ನಿಜವಾದದ್ದನ್ನು ಪಕ್ಕದಲ್ಲಿ ಹಾಕಿ. 60,000 ಎಂದುಕೊಂಡದ್ದು 78,000 ಆಗಿದ್ದರೆ, ಆದದ್ದನ್ನು ಅಂದಾಜಿನಿಂದ ಭಾಗಿಸಿ, ನಿಮ್ಮ ಅಂಕಿ 1.3. ಮುಂದಿನ ಸಲ ಮನಸ್ಸು 65,000 ಎಂದರೆ 1.3ರಿಂದ ಗುಣಿಸಿ 84,500 ಎಂದೇ ಸಾಲ-ಸೋಲದ ಯೋಚನೆ ಮಾಡಿ. ‘ಹೋದ ಸಲ ಮಳೆ ಕೈಕೊಟ್ಟಿತು, ಈ ಸಲ ಹಾಗಾಗಲ್ಲ’ ಎಂದು ಪ್ರತಿ ಸಲವೂ ಅನ್ನಿಸುತ್ತದೆ. ಆ ಅನ್ನಿಸಿಕೆಯೇ ತಪ್ಪಿನ ಬೇರು. 1979ರಲ್ಲಿ ಕಾನೆಮನ್ ಮತ್ತು ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಯೋಜನೆಯ ಭ್ರಮೆ ಎಂದು ಗುರುತಿಸಿದರು. ಓದಿದವರೇನೂ ಮೇಲಲ್ಲ: 1994ರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಸಲು ಸರಾಸರಿ 34 ದಿನ ಎಂದರು, ಹಿಡಿದದ್ದು 55.

## ಮೇಲಿನ ಮೆಟ್ಟಿಲು

“ಮೂವತ್ತು ವರ್ಷ ಪಾಠ ಹೇಳಿದೀನಿ, ಪಿಎಚ್‌ಡಿ ಇದೆ. ಈಗಲೂ ಯಾರಾದ್ರೂ ತಪ್ಪು ಅಂದ್ರೆ ಮೈ ಉರಿಯುತ್ತೆ. ಓದು ನನ್ನನ್ನ ಯಾಕೆ ತಿದ್ದಲಿಲ್ಲ?”

ಇಷ್ಟು ಪ್ರಾಮಾಣಿಕವಾಗಿ ಕೇಳುವವರು ಅಪರೂಪ. ಓದು ತಿದ್ದುವುದು ಅಭಿಪ್ರಾಯಗಳನ್ನು, ಉರಿಯುವ ಮೈಯನ್ನಲ್ಲ. ಅದೂ ಅಲ್ಲದೆ, ಒಂದು ವಿಷಯದಲ್ಲಿ ನಿಜವಾಗಿ ಗೊತ್ತಿರುವವನಿಗೆ ಒಂದು ಅಪಾಯ ಹೆಚ್ಚು. ಅಥೆನ್ಸಿನಲ್ಲಿ ಸಾಕ್ರೆಟಿಸ್ ರಾಜಕಾರಣಿ, ಕವಿ, ಕುಶಲಕರ್ಮಿಗಳನ್ನು ಪ್ರಶ್ನಿಸುತ್ತ ಹೋದಾಗ, ಕುಶಲಕರ್ಮಿಗಳಿಗೆ ತಮ್ಮ ಕಸುಬು ಚೆನ್ನಾಗಿಯೇ ಗೊತ್ತಿತ್ತು. ಅದು ಗೊತ್ತಿದ್ದುದರಿಂದಲೇ ಉಳಿದದ್ದೂ ಗೊತ್ತು ಎಂದುಕೊಂಡಿದ್ದರು. ಪ್ರಾಧ್ಯಾಪಕರ ಕಾಯಿಲೆಯೂ ಅದೇ.

ಛಾಂದೋಗ್ಯದ ಆರನೇ ಅಧ್ಯಾಯದ ಶ್ವೇತಕೇತು 12ನೇ ವಯಸ್ಸಿಗೆ ಗುರುಕುಲಕ್ಕೆ ಹೋಗಿ 24ಕ್ಕೆ ಎಲ್ಲ ವೇದ ಕಲಿತು ಸೆಟೆದುಕೊಂಡು ಬಂದ. ಮೂಲದ ಮಾತು ‘ಸ್ತಬ್ಧಃ’, ಮರದ ಕೊರಡಿನಂತೆ ಬಿಗಿದವನು. ಅಪ್ಪ ಉದ್ದಾಲಕ ಬೈಯಲಿಲ್ಲ. 15 ದಿನ ಊಟ ಬಿಡು, ನೀರು ಬೇಕಾದಷ್ಟು ಕುಡಿ ಎಂದ. 16ನೆಯ ದಿನ ಮಂತ್ರ ಹೇಳು ಎಂದಾಗ ಒಂದೂ ಹೊಳೆಯಲಿಲ್ಲ. ಊಟ ಮಾಡಿ ಬಾ ಎಂದ, ಎಲ್ಲ ನೆನಪಾಯಿತು. ತನ್ನದು ಎಂದು ಬೀಗಿದ ವಿದ್ಯೆ ಅನ್ನದ ಋಣದಲ್ಲಿತ್ತು. ಮಧುಮೇಹ ಇರುವ ಪ್ರಾಧ್ಯಾಪಕರು ದಯವಿಟ್ಟು ಈ ಪ್ರಯೋಗ ಮಾಡಬೇಡಿ.

ಬದಲಿಗೆ ಇದನ್ನು ಮಾಡಿ. ವಾರಕ್ಕೊಮ್ಮೆ ತರಗತಿಯಲ್ಲೋ ಸಭೆಯಲ್ಲೋ ‘ಇದು ನನಗೆ ಗೊತ್ತಿಲ್ಲ’ ಎಂದು ಹೇಳಿ. ಜೊತೆಗೆ ‘ಆದರೆ’ ಸೇರಿಸಬಾರದು. ತಿಂಗಳಿಗೊಮ್ಮೆ ನಿಮ್ಮ ಹಳೆಯ ಬರಹದಲ್ಲಿ ಒಂದು ತಪ್ಪು ಹುಡುಕಿ ಯಾರಿಗಾದರೂ ತೋರಿಸಿ. ಮೊದಲ ಮೂರು ಸಲ ಗಂಟಲು ಒಣಗುತ್ತದೆ. ತಪ್ಪು ಹಿಡಿದವರ ಮೇಲೆ ಉರಿ ಬಂದಾಗ ಉತ್ತರ ಕೊಡುವ ಮೊದಲು ಅವರ ಆಕ್ಷೇಪವನ್ನು ಅವರೇ ಒಪ್ಪುವಂತೆ ಒಮ್ಮೆ ತಿರುಗಿ ಹೇಳಿ. ಹೇಳಲಾಗದಿದ್ದರೆ ನೀವು ಕೇಳಿಸಿಕೊಂಡಿಲ್ಲ.

“ಶಾಸ್ತ್ರ ಓದದೇನೇ ನೇರವಾಗಿ ಆತ್ಮಜ್ಞಾನ ಆಗಲ್ವಾ?”

ಆಚಾರ್ಯರು ಒಂದೇ ಉತ್ತರ ಕೊಟ್ಟಿಲ್ಲ. ಕಠ ಮತ್ತು ಮುಂಡಕ ಉಪನಿಷತ್ತು ಎರಡರಲ್ಲೂ ಒಂದೇ ಮಂತ್ರವಿದೆ: ಈ ಆತ್ಮ ಪ್ರವಚನದಿಂದ ಸಿಗುವುದಿಲ್ಲ, ಮೇಧಾಶಕ್ತಿಯಿಂದಲ್ಲ, ಬಹಳ ಕೇಳಿದ್ದರಿಂದಲೂ ಅಲ್ಲ, ‘ಯಮೇವೈಷ ವೃಣುತೇ ತೇನ ಲಭ್ಯಃ’, ಆರಿಸಿ ವರಿಸುವುದರಿಂದಲೇ ಸಿಗುವುದು. ಕೊನೆಯ ತುಂಡಿನಲ್ಲಿ ಯಾರು ಯಾರನ್ನು ವರಿಸುತ್ತಾರೆ? ಶಂಕರರ ಪ್ರಕಾರ ಸಾಧಕ ಆತ್ಮವನ್ನೇ ವರಿಸುತ್ತಾನೆ, ಬೇರೆ ಆಸೆಯಿಲ್ಲದೆ. ರಾಮಾನುಜರ ಪ್ರಕಾರ ಪರಮಾತ್ಮ ತನಗೆ ಪ್ರಿಯನಾದವನನ್ನು ವರಿಸುತ್ತಾನೆ; ಆದ್ದರಿಂದ ಪ್ರೀತಿಯಿಲ್ಲದ ಶ್ರವಣ, ಮನನ, ಧ್ಯಾನ ಸಾಲದು. ರಾಮಾನುಜರು ಸುಮಾರು 12 ವರ್ಷ ನೆಲೆಸಿದ್ದರೆಂದು ಸಂಪ್ರದಾಯ ಹೇಳುವ ಮೇಲುಕೋಟೆ ಮಂಡ್ಯ ಜಿಲ್ಲೆಯಲ್ಲೇ ಇದೆ. ಇವತ್ತಿಗೂ ಅಲ್ಲಿ ಸಂಸ್ಕೃತ ವಿದ್ವತ್ತೂ ಚೆಲುವನಾರಾಯಣನ ಉತ್ಸವವೂ ಅಕ್ಕಪಕ್ಕದಲ್ಲೇ ಬದುಕಿವೆ. ಮಧ್ವರ ದಾರಿಯಲ್ಲಿ ತನ್ನನ್ನು ಅರಿಯುವುದೆಂದರೆ ತಾನು ಹರಿಗೆ ಅಧೀನನೆಂದು ಅರಿಯುವುದು.

ಮೂವರೂ ಶಾಸ್ತ್ರವನ್ನು ಬಿಡಲಿಲ್ಲ, ಮೂವರೂ ಅದೊಂದೇ ಸಾಕು ಎನ್ನಲಿಲ್ಲ. ಬೃಹದಾರಣ್ಯಕ ಉಪನಿಷತ್ತು ಕೊಡುವ ಕ್ರಮ ಕೇಳುವುದು, ತೂಗಿನೋಡುವುದು, ನೆಲೆನಿಲ್ಲುವುದು. ನಮ್ಮಲ್ಲಿ ಹೆಚ್ಚಿನವರು ಮೊದಲನೆಯದರಲ್ಲೇ ನಿಂತಿದ್ದೇವೆ. 200 ಪ್ರವಚನ ಕೇಳಿದವರು 201ನೆಯದಕ್ಕೆ ಹೋಗುವ ಮೊದಲು, 200ರಲ್ಲಿ ತಮಗೆ ಒಪ್ಪಿಗೆಯಾಗದ ಒಂದು ಮಾತನ್ನು ಬರೆದು ತರಬೇಕೆಂದು ನಿಯಮ ಮಾಡಿದರೆ ಸಭಾಂಗಣ ಖಾಲಿಯಾಗಬಹುದು.

“‘ನಾನು ಯಾರು’ ಅಂತ ಕೂತು ಕೇಳ್ಕೊಂಡ್ರೆ ನಿದ್ದೆ ಬರುತ್ತೆ.”

ಎಲ್ಲರಿಗೂ ಬರುತ್ತದೆ. ಆ ಪ್ರಶ್ನೆಯನ್ನು ಜಪದಂತೆ ಹೇಳಿಕೊಳ್ಳುವುದರಿಂದ ಹಾಗಾಗುತ್ತದೆ. ‘ನಾನು ಯಾರು’ ಎಂಬ ಈ ಪ್ರಶ್ನೆ ಹೆಚ್ಚು ಪರಿಚಿತವಾದದ್ದು ತಿರುವಣ್ಣಾಮಲೆಯ ರಮಣ ಮಹರ್ಷಿಗಳಿಂದ. 1902ರಲ್ಲಿ ಶಿವಪ್ರಕಾಶಂ ಪಿಳ್ಳೈ ಎಂಬ ಸರ್ಕಾರಿ ನೌಕರರು ಕೇಳಿದ ಪ್ರಶ್ನೆಗಳಿಗೆ ಮೌನದಲ್ಲಿದ್ದ ರಮಣರು ಬರೆದು ಉತ್ತರಿಸಿದರು. ಕ್ರಮ ಇಷ್ಟು: ಒಂದು ಯೋಚನೆ ಬಂತು, ‘ಇದು ಯಾರಿಗೆ?’ ಎಂದು ಕೇಳಿ. ‘ನನಗೆ’ ಎಂದು ಬರುತ್ತದೆ. ಆ ‘ನಾನು’ ಎಂಬ ಅನಿಸಿಕೆ ಎಲ್ಲಿಂದ ಏಳುತ್ತಿದೆ ಎಂದು ಗಮನವನ್ನು ಅತ್ತ ತಿರುಗಿಸಿ. ‘ನಾನು ಬ್ರಹ್ಮ’, ‘ನಾನು ಚೈತನ್ಯ’ ಎಂದು ಮಾತಿನ ಉತ್ತರ ಬಂದರೆ ಅದೂ ಒಂದು ಯೋಚನೆ. ಅದೂ ಯಾರಿಗೆ ಎಂದು ಕೇಳಿ.

ಊಟವಾದ ಮೇಲೆ ಕೂರಬೇಡಿ. ಬೆಳಗ್ಗೆ ಮುಖ ತೊಳೆದು, ಬೆನ್ನಿಗೆ ಗೋಡೆ ಕೊಡದೆ, 20 ನಿಮಿಷ ಸಾಕು. ತೂಕಡಿಕೆ ಬಂದರೆ ಕಣ್ಣು ತೆರೆಯಿರಿ, ಮತ್ತೂ ಬಂದರೆ ಎದ್ದು ನಡೆಯುತ್ತ ಮಾಡಿ. ಹುಬ್ಬಿನ ನಡುವೆ ಬಿಗಿತ, ತಲೆನೋವು ಬಂದರೆ ಕಣ್ಣಿನಿಂದ ‘ನೋಡಲು’ ಹೋಗುತ್ತಿದ್ದೀರಿ ಎಂದರ್ಥ. ಹಣೆ ಸಡಿಲಿಸಿ.

1907ರ ನವೆಂಬರ್ 18ರಂದು ಕಾವ್ಯಕಂಠ ಗಣಪತಿ ಮುನಿಗಳು ಗುಡ್ಡ ಹತ್ತಿ ರಮಣರ ಬಳಿ ಬಂದರು. ಆಶುಕವಿತ್ವಕ್ಕೆ ಬಂಗಾಳದ ನವದ್ವೀಪದ ವಿದ್ವಾಂಸರಿಂದ ‘ಕಾವ್ಯಕಂಠ’ ಬಿರುದು ಪಡೆದಿದ್ದವರು. ಓದಬೇಕಾದ್ದನ್ನೆಲ್ಲ ಓದಿದ್ದೇನೆ, ಮಂತ್ರಜಪ ಮಾಡಿದ್ದೇನೆ, ಆದರೂ ತಪಸ್ಸು ಎಂದರೇನೆಂದು ತಿಳಿಯಲಿಲ್ಲ ಎಂದರು. ‘ನಾನು’ ಎಂಬುದು ಎಲ್ಲಿಂದ ಹೊಮ್ಮುತ್ತದೋ ಅದನ್ನು ಗಮನಿಸಿದರೆ ಮನಸ್ಸು ಅಲ್ಲಿ ಲೀನವಾಗುತ್ತದೆ, ಅದೇ ತಪಸ್ಸು. ಮಂತ್ರ ಜಪಿಸುವಾಗಲೂ ಅದರ ನಾದ ಎಲ್ಲಿಂದ ಹೊಮ್ಮುತ್ತದೆಂದು ನೋಡಿದರೆ ಅದೇ ತಪಸ್ಸು ಎಂಬುದು ರಮಣರ ಉತ್ತರದ ಸಾರ. ಮಂತ್ರ ಬಿಡಿ ಎನ್ನಲಿಲ್ಲ. ಮುನಿಗಳೂ ಆಮೇಲೆ ಸಂಸ್ಕೃತದಲ್ಲಿ ಬರೆಯುವುದನ್ನು ಬಿಡಲಿಲ್ಲ.

“ನೋಡ್ಕೊಳ್ತಾ ನೋಡ್ಕೊಳ್ತಾ ನನ್ನ ಮೇಲೇ ಅಸಹ್ಯ ಹುಟ್ಟಿದೆ. ಮುಂದುವರಿಸಬೇಕಾ?”

ನಿಲ್ಲಿಸಿ. ತನ್ನನ್ನು ಅರಿಯುವುದು ಬೇರೆ, ತನ್ನನ್ನೇ ಅಗಿಯುವುದು ಬೇರೆ. ಹೊಸ ಸಂಗತಿ ತಿಳಿಯುತ್ತಿದ್ದರೆ ಅದು ಅರಿವು. ಅದೇ ಹಳೆಯ ಸಂಗತಿ ಹತ್ತು ಸಲ ತಿರುಗುತ್ತಿದ್ದರೆ ಅದು ಮೆಲುಕು. ‘ನಾನೇಕೆ ಹೀಗೆ?’ ಎಂಬ ಪ್ರಶ್ನೆ ಮೆಲುಕಿಗೆ ಎಳೆಯುತ್ತದೆ. ‘ಆಗ ಏನಾಯಿತು?’ ಎಂಬುದು ಅಷ್ಟು ಎಳೆಯುವುದಿಲ್ಲ. ನಿದ್ದೆ, ಊಟ ಕೆಟ್ಟು, ಎರಡು ವಾರಕ್ಕಿಂತ ಹೆಚ್ಚು ಕಾಲ ಮನಸ್ಸು ಕುಸಿದೇ ಇದ್ದರೆ ಇದು ಅಧ್ಯಾತ್ಮದ ವಿಷಯವಲ್ಲ, ವೈದ್ಯರ ವಿಷಯ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಿಲ್ಲ.

“ನಂಗೆ ತಿಳೀತು ಅಂತ ಹೇಗೆ ಗೊತ್ತಾಗೋದು?”

ಕೇನೋಪನಿಷತ್ತು ಬಾಗಿಲಲ್ಲೇ ತಡೆಯುತ್ತದೆ: ಯಾರಿಗೆ ತಿಳಿಯದೋ ಅವರಿಗೆ ತಿಳಿದಿದೆ, ತಿಳಿಯಿತೆಂದವರಿಗೆ ತಿಳಿದಿಲ್ಲ. ಇದನ್ನೇ ಹಿಡಿದು ‘ನನಗೇನೂ ತಿಳಿಯದು’ ಎಂದು ಜಂಬ ಪಡುವವರೂ ಉಂಟು.

ಗೀತೆಯ ಎರಡನೇ ಅಧ್ಯಾಯದಲ್ಲಿ ಅರ್ಜುನ ಕೇಳುವುದು ಹೆಚ್ಚು ಉಪಯೋಗದ ಪ್ರಶ್ನೆ. ಸ್ಥಿತಪ್ರಜ್ಞನಿಗೆ, ಅಂದರೆ ಬುದ್ಧಿ ನೆಲೆನಿಂತವನಿಗೆ, ಏನು ಗೊತ್ತು ಎಂದಲ್ಲ. ಅವನು ಹೇಗೆ ಮಾತಾಡುತ್ತಾನೆ, ಹೇಗೆ ಕೂರುತ್ತಾನೆ, ಹೇಗೆ ನಡೆಯುತ್ತಾನೆ ಎಂದು. ಹಾಗೆಯೇ ಕೇಳಿಕೊಳ್ಳಿ. ತಪ್ಪು ಮಾಡಿದ್ದಕ್ಕೂ ಒಪ್ಪಿಕೊಂಡದ್ದಕ್ಕೂ ನಡುವೆ ಮೊದಲು ಮೂರು ದಿನ ಬೇಕಾಗುತ್ತಿತ್ತು, ಈಗ ಎಷ್ಟು? ರೇಗುವ ಮುಂಚೆ ದವಡೆ ಬಿಗಿದದ್ದು ಈಗ ರೇಗುವಾಗಲೇ ತಿಳಿಯುತ್ತದೆಯೇ, ಇಲ್ಲ ರಾತ್ರಿ ಬರೆಯುವಾಗಲೇ? ಮನೆಯವರು ನಿಮಗೆ ಕೆಟ್ಟ ಸುದ್ದಿ ಹೇಳಲು ಈಗಲೂ ಹೊತ್ತು ನೋಡಿ ಕಾಯುತ್ತಾರೆಯೇ? ಕೊನೆಯದಕ್ಕೆ ಉತ್ತರ ನಿಮ್ಮ ಬಳಿ ಇಲ್ಲ, ಅವರ ಬಳಿ ಇದೆ.

“ನೋಟ್‌ಬುಕ್ ತುಂಬಿದ್ಮೇಲೆ ಏನ್ ಮಾಡೋದು? ಮಕ್ಕಳ ಕೈಗೆ ಸಿಕ್ಕಿದ್ರೆ ಮರ್ಯಾದೆ ಹೋಗುತ್ತೆ.”

ಮತ್ತೆ ಮತ್ತೆ ಬಂದ ನಾಲ್ಕೈದು ಸಂಗತಿಗಳನ್ನು, ಊಹೆ ತಪ್ಪಿದ ಲೆಕ್ಕದ ಜೊತೆ, ಹೊಸ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಇಳಿಸಿಕೊಳ್ಳಿ. ಹಳೆಯದನ್ನು ಸ್ನಾನದ ಹಂಡೆಯ ಒಲೆಗೆ ಹಾಕಿ. ಒಲೆ ಇಲ್ಲದ ಮನೆಯವರು ಹರಿದು ನೀರಿನಲ್ಲಿ ನೆನೆಹಾಕಿ ಹಿಚುಕಿಬಿಡಿ. ಹಳೇ ಪೇಪರಿನವರಿಗೆ ಮಾತ್ರ ತೂಕಕ್ಕೆ ಹಾಕಬೇಡಿ. ಕಡಲೆಕಾಯಿ ಪೊಟ್ಟಣವಾಗಿ ನಿಮ್ಮ ಬೀದಿಗೇ ತಿರುಗಿ ಬಂದರೂ ಬಂತೇ.